ಪೆಟ್ಟಿನ ಲಾಯರು

ರಾತ್ರಿ ಹನ್ನೊಂದೂವರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಪುಟ ಜೋಡಿಸುವ ಹುಡುಗ ಮೂರು ಸಲ ಮೆಸೇಜ್ ಹಾಕಿದ್ದಾನೆ, "ಆಂಟಿ, ಸಂಪಾದಕೀಯ?" ಅಂತ. ಪ್ರತಿ ಸಲ ಒಂದೊಂದು ಪ್ರಶ್ನೆ ಚಿಹ್ನೆ ಜಾಸ್ತಿ. ದೀಪಾವಳಿ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಹಂಡೆಗೆ ಬಳಿದ ಸುಣ್ಣ, ಎಣ್ಣೆ ನೀರು, ಕಣ್ಣಿಗೆ ಬಿದ್ದ ಸೀಗೆಪುಡಿ. ಅರ್ಧ ಪುಟ ಆದ ಮೇಲೆ ನೆನಪಾಯಿತು, ಹೋದ ವರ್ಷವೂ ಇದನ್ನೇ ಬರೆದಿದ್ದೆ. ನನಗಿಂತ ಮೊದಲಿದ್ದ ಸಂಪಾದಕರೂ ಇದನ್ನೇ ಬರೆದಿದ್ದರು. ಅವರ ಹಂಡೆ ಹಾಸನದ್ದು, ನನ್ನದು ಮಂಡ್ಯದ್ದು, ಅಷ್ಟೇ ವ್ಯತ್ಯಾಸ. ಈ ಸಲ ಹಂಡೆ ಬೇಡ. ಲಾಯರ ಬಗ್ಗೆ ಬರೆಯುತ್ತೇನೆ.

ಆಗಿದ್ದಿಷ್ಟು. ಭಾನುವಾರದ ಕನ್ನಡ ಕ್ಲಾಸಿನಲ್ಲಿ "ನಾನು ದೊಡ್ಡವನಾದ ಮೇಲೆ ಏನಾಗುತ್ತೇನೆ" ಅಂತ ಒಂದೊಂದು ವಾಕ್ಯ ಹೇಳಿಸುತ್ತಿದ್ದರು. ಇಂಜಿನಿಯರ್, ಇಂಜಿನಿಯರ್, ಡಾಕ್ಟರ್, ಒಬ್ಬ ಗಗನಯಾತ್ರಿ, ಒಬ್ಬ ಯೂಟ್ಯೂಬ್ (ಯೂಟ್ಯೂಬರ್ ಅಲ್ಲ, ಯೂಟ್ಯೂಬೇ ಆಗುತ್ತಾನಂತೆ). ಆಮೇಲೆ ಒಂಬತ್ತು ವರ್ಷದ ಹುಡುಗಿ ಎದ್ದು ನಿಂತು, "ನಾನು ಪೆಟ್ಟಿನ ಲಾಯರು ಆಗುತ್ತೇನೆ" ಅಂದಳು. ಟೀಚರ್‌ಗೆ ಅರ್ಥ ಆಗಲಿಲ್ಲ. "ಪೆಟ್ಟು ಕೊಡೋ ಲಾಯರಾ?" "ಅಲ್ಲ ಮಿಸ್, ಪೆಟ್ಟು ತಿಂದವರ ಲಾಯರು. ಹೈವೇ 880ರಲ್ಲಿ ದೊಡ್ಡ ಬೋರ್ಡ್ ಇದೆಯಲ್ಲ!"

ಹಿಂದಿನ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದ ನಾವು ನಕ್ಕೆವು. ಅವರಪ್ಪನ ಮುಖ ಮಾತ್ರ ನೋಡುವ ಹಾಗಿರಲಿಲ್ಲ. "ಸುಮ್ನೆ ಹೇಳ್ತಾಳೆ, ಅವಳಿಗೆ ಗಣಿತ ಚೆನ್ನಾಗಿದೆ" ಅಂತ ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟರು.

ಪರ್ಸನಲ್ ಇಂಜುರಿ ಲಾಯರ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ. ಹೆಣ್ಣುಮಗಳ ತಲೆಗೆ ತಾನಾಗಿ ಹೊಳೆದಿದೆ. ನಾನಂತೂ ಇನ್ನು ಮೇಲೆ ಅದನ್ನೇ ಬಳಸುವವಳು.

ನಕ್ಕಿದ್ದೇನೋ ನಕ್ಕೆ, ಆದರೆ ಮನೆಗೆ ಬರುವ ದಾರಿಯಲ್ಲಿ ನಗು ನಿಂತುಹೋಯಿತು. ಸೆಪ್ಟೆಂಬರ್‌ನಲ್ಲಿ ನಮ್ಮ ಕೂಟದ ಒಂದು ಮನೆಗೆ ಊರಿಂದ ಬಂದಿದ್ದ ಅಜ್ಜಿಗೆ ಪಾರ್ಕಿಂಗ್ ಲಾಟಿನಲ್ಲಿ ಕಾರೊಂದು ರಿವರ್ಸ್ ಬಂದು ಬಡಿಯಿತು. ಮಣಿಕಟ್ಟು ಮುರಿಯಿತು. ಆ ಮನೆಯವರು ಏನು ಮಾಡಿದರು ಗೊತ್ತಾ? ಗುದ್ದಿದವರಿಗೇ "ಪರವಾಗಿಲ್ಲ, ಪರವಾಗಿಲ್ಲ" ಅಂದು ಕಳಿಸಿಕೊಟ್ಟರು. ಹೆಸರು ಬರೆದುಕೊಳ್ಳಲಿಲ್ಲ, ನಂಬರ್ ಪ್ಲೇಟಿನ ಫೋಟೋ ತೆಗೆಯಲಿಲ್ಲ. ವಿಸಿಟರ್ ಇನ್ಶೂರೆನ್ಸಿನವರು ಅದಕ್ಕೆ ಬರಲ್ಲ ಇದಕ್ಕೆ ಬರಲ್ಲ ಅಂದ ಮೇಲೆ, ಮೂರು ವಾರ ಬಿಟ್ಟು ನನಗೆ ಫೋನ್ ಮಾಡಿ ಪಿಸುದನಿಯಲ್ಲಿ ಕೇಳಿದರು, "ಕೇಸು ಗೀಸು ಅಂದ್ರೆ ಅಮ್ಮನ ವೀಸಾಗೆ ತೊಂದರೆ ಆಗಲ್ವಾ?" ನನಗೇನು ಗೊತ್ತು, ನಾನು ಡೇಟಾಬೇಸ್ ನೋಡಿಕೊಳ್ಳುವವಳು. ಕೂಟದಲ್ಲಿ ನಾನೂರು ಮನೆ ಇದೆ, ಲಾಯರುಗಳು ಇಬ್ಬರೇ. ಇಬ್ಬರೂ ಪೇಟೆಂಟ್ ಲಾಯರುಗಳು. ಅಜ್ಜಿಯ ಕೈಗೆ ಪೇಟೆಂಟ್ ಮಾಡಿಸಬೇಕಷ್ಟೇ.

ಆವತ್ತಿನಿಂದ ಒಂದಷ್ಟು ಓದಿದೆ. ಓದುತ್ತಾ ಹೋದರೆ ಈ ಕಸುಬಿನ ದೊಡ್ಡಪ್ಪ ನಮ್ಮ ಪಕ್ಕದವನೇ. ಮೆಲ್ವಿನ್ ಬೆಲ್ಲೈ. ಹುಟ್ಟಿದ್ದು 1907ರಲ್ಲಿ ಸೊನೋರಾದಲ್ಲಿ, ಅದೇ, ಚಿನ್ನದ ಗಣಿಯ ಕಡೆಯ ಊರು. ಬರ್ಕ್ಲಿಯಲ್ಲಿ ಓದಿ 1933ರಲ್ಲಿ ಕಾನೂನು ಪದವಿ ತಗೊಂಡ. ಅದು ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಎಲ್ಲಿತ್ತು? ಸರ್ಕಾರ ಅವನನ್ನು ಅಲೆಮಾರಿಯ ವೇಷದಲ್ಲಿ ಗೂಡ್ಸ್ ರೈಲು ಹತ್ತಿಸಿ, ಊರೂರು ಅಲೆಯುವ ನಿರುದ್ಯೋಗಿಗಳ ಪಾಡು ಬರೆದುಕೊಡು ಅಂತ ಕಳಿಸಿತು. ಲಾ ಕಾಲೇಜು ಮುಗಿಸಿದವನ ಮೊದಲ ಕೆಲಸ ಅದು.

ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ನಾವು ಚಿತ್ರಾನ್ನ ಕಟ್ಟಿಕೊಂಡು ಯೊಸೆಮಿಟಿಗೆ ಹೋಗುತ್ತೇವಲ್ಲ, ಹೈವೇ 140ರ ದಾರಿಯಲ್ಲಿ ಹೋಗುವವರಿಗೆ ಮರ್ಸೆಡ್ ಅನ್ನುವ ಊರು ಸಿಗುತ್ತದೆ. ಅಲ್ಲಿ ಒಂದು ಹೋಟೆಲಿನ ವೇಟ್ರೆಸ್ ಫ್ರಿಜ್ಜಿಗೆ ಕೋಕಾ ಕೋಲಾ ಬಾಟಲಿ ಜೋಡಿಸುತ್ತಿದ್ದಾಗ ಒಂದು ಬಾಟಲಿ ಕೈಯಲ್ಲೇ ಸಿಡಿಯಿತು. ಕೈ ಆಳವಾಗಿ ಸೀಳಿಹೋಯಿತು. ಒಡೆದ ಚೂರುಗಳನ್ನು ಹೋಟೆಲಿನವರು ಆಚೆ ಎಸೆದಿದ್ದರು. ಕಂಪನಿಯ ತಪ್ಪು ಏನು ಅಂತ ಇನ್ನು ತೋರಿಸುವುದು ಹೇಗೆ? ಅವಳ ಲಾಯರು ಈ ಬೆಲ್ಲೈ. ಬಾಟಲಿ ಸುಮ್ಮನೆ ಸಿಡಿಯುವುದಿಲ್ಲ, ಯಾರೋ ಎಚ್ಚರ ತಪ್ಪಿದ್ದರಿಂದಲೇ ಸಿಡಿದದ್ದು ಅಂತ 1944ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವಳ ಪರವಾಗಿ ನಿಂತಿತು. ಟ್ರೇನರ್ ಅನ್ನುವ ನ್ಯಾಯಮೂರ್ತಿ ಬೇರೆಯಾಗಿ ಬರೆದು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಚ್ಚರ ತಪ್ಪಿದರೋ ಇಲ್ಲವೋ ಅದು ಬೇಕಿಲ್ಲ, ದೋಷವಿರುವ ಸಾಮಾನು ಮಾರಿದವನೇ ಹೊಣೆ ಅಂತ. ಅದು ಇಡೀ ಕೋರ್ಟಿನ ಮಾತಾಗಲು 1963ರವರೆಗೆ ಕಾಯಬೇಕಾಯಿತು. ಇವತ್ತು ನಮ್ಮ ಮಕ್ಕಳ ಕಾರ್ ಸೀಟು, ಪ್ರೆಷರ್ ಕುಕ್ಕರು ಎಲ್ಲದರ ಹಿಂದೆ ಆ ಬಾಟಲಿ ಇದೆ.

ಇನ್ನೊಂದು ಕಥೆ ಇದೆ, ಅದು ಸ್ವಲ್ಪ ನಾಟಕ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರಾಮಿಗೆ ಸಿಕ್ಕಿ ಕಾಲು ಕಳಕೊಂಡ ಹೆಂಗಸಿನ ಕೇಸು. ಬೆಲ್ಲೈ ದಿನಾ ಕೋರ್ಟಿಗೆ ಹಳದಿ ಕಾಗದದಲ್ಲಿ ಸುತ್ತಿದ ಉದ್ದನೆಯ ಪೊಟ್ಟಣ ತಂದು ಮೇಜಿನ ಮೇಲೆ ಇಡುತ್ತಿದ್ದ. ಆಕಾರ ನೋಡಿದರೆ ಕಾಲೇ. ಮಾಂಸದಂಗಡಿಯ ಕಾಗದ ಬೇರೆ. ತೀರ್ಪು ಹೇಳಲು ಕೂತಿದ್ದ ಜ್ಯೂರಿಯವರಿಗೆ ಬೆವರು. ಕೊನೆಯ ದಿನ ನಿಧಾನಕ್ಕೆ ದಾರ ಬಿಚ್ಚಿದ. ಒಳಗಿದ್ದದ್ದು ಕೃತಕ ಕಾಲು. ಅದನ್ನು ಮೊದಲ ಜ್ಯೂರಿಯ ಮಡಿಲಲ್ಲಿಟ್ಟು, ಇದರ ತೂಕ ನೋಡಿ, ಈ ಹುಡುಗಿ ಬದುಕಿರುವವರೆಗೂ ಇದನ್ನು ಕಟ್ಟಿಕೊಂಡೇ ಓಡಾಡಬೇಕು ಅನ್ನುವ ಅರ್ಥದಲ್ಲಿ ಮಾತಾಡಿದ. 1 ಲಕ್ಷ ಡಾಲರ್ ಪರಿಹಾರ ಬಂತು, ಆ ಕಾಲಕ್ಕೆ ದೊಡ್ಡ ಮೊತ್ತ. ಗೆದ್ದ ದಿನ ಮಾಂಟ್ಗೊಮರಿ ಸ್ಟ್ರೀಟಿನ ತನ್ನ ಆಫೀಸಿನ ಮೇಲೆ ಕಡಲ್ಗಳ್ಳರ ಬಾವುಟ ಹಾರಿಸಿ ತೋಪು ಹೊಡೆಸುತ್ತಿದ್ದ ಆಸಾಮಿ ಅವನು. ನನಗೆ ಇಂಥವರು ಇಷ್ಟ ಆಗುವುದಿಲ್ಲ. ಆದರೂ ಆ ಪೊಟ್ಟಣದ ಕಥೆ ಓದಿದಾಗ ನಾನು ಕೂತಿದ್ದದ್ದು ಫ್ರೀಮಾಂಟಿನ ಅಡುಗೆಮನೆಯಲ್ಲಲ್ಲ, ಮಂಡ್ಯದ ಕೋರ್ಟಿನ ಬೆಂಚಿನ ಮೇಲೆ.

ನನ್ನ ದೊಡ್ಡ ಮಾವ ಪೇಟೆ ಬೀದಿಯಲ್ಲಿ ಟೈಲರ್. ಪ್ಯಾಂಟಿಗೆ ಹೆಸರಾಗಿದ್ದರು. 1986ರಲ್ಲಿ ಮದ್ದೂರಿನಿಂದ ಲೂನಾದಲ್ಲಿ ಬರುವಾಗ ಒಂದು ಖಾಸಗಿ ಬಸ್ಸು ಹಿಂದಿನಿಂದ ತಗುಲಿ, ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ, ನಾವಿನ್ನೂ ಗಂಜಿ ಕುಡಿಸುತ್ತಿರುವಾಗಲೇ, ಲಾಯರು ಬಂದರು. ಕರಿ ಕೋಟು ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ವಕಾಲತ್ತಿನ ಫಾರಂಗಳು. ವಾರ್ಡಿನ ಹುಡುಗರಿಗೆ ಟೀ ಕೊಡಿಸಿ ಯಾರು ಬಂದರು ಯಾರು ಹೋದರು ಅಂತ ತಿಳಿದುಕೊಳ್ಳುತ್ತಾರೆ ಅಂತ ಊರಲ್ಲಿ ಮಾತಿತ್ತು. ಅಜ್ಜಿ ಅವರನ್ನು "ಹದ್ದು" ಅನ್ನುತ್ತಿದ್ದಳು, ಎದುರಿಗೇ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಅಮ್ಮಾ, ಹದ್ದು ಬರದಿದ್ರೆ ನಾಯಿ ಬರ್ತದೆ" ಅಂದಿದ್ದರು. ನಾಯಿ ಅಂದರೆ ಬಸ್ಸಿನ ಮಾಲೀಕನ ಕಡೆಯವನು, ಐದು ಸಾವಿರ ರೂಪಾಯಿ ಹಿಡಿದುಕೊಂಡು ರಾಜಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು. ಮಾರನೇ ದಿನ ಅವನು ಬಂದ ಕೂಡ.

ಆಮೇಲೆ ತಿಳಿದದ್ದು, ಈ ಲಾಯರ ಅಪ್ಪ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತ. ನೀರು ಯಾವತ್ತೂ ಕೊನೆಗೆ ತಲುಪದ ಜಾಗ. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಹೋಗಿ ಲಾ ಓದಿದವರು. ಮೊದಲ ನಾಲ್ಕೈದು ವರ್ಷ ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗೆ ಅಫಿಡವಿಟ್ ಬರೆದುಕೊಡುತ್ತಿದ್ದರು. ಸೀನಿಯರ್ ಯಾರೂ ಇರಲಿಲ್ಲ, ಜಮೀನಿನ ಕೇಸುಗಳೆಲ್ಲ ದೊಡ್ಡ ಮನೆತನದ ವಕೀಲರಿಗೆ ಹೋಗುತ್ತಿದ್ದವು. ಉಳಿದದ್ದು ಎಂ.ವಿ.ಸಿ. ಕೇಸು, ಅಂದರೆ ಆಕ್ಸಿಡೆಂಟು. ಮೈಸೂರು ರೋಡು ಇರುವವರೆಗೆ ಅದಕ್ಕೆ ಬರ ಇಲ್ಲ ಅನ್ನುತ್ತಿದ್ದರು.

ಮಾವ ಒಬ್ಬರೇ ಬಸ್ಸು ಹತ್ತಲಾಗುತ್ತಿರಲಿಲ್ಲ, ಹಾಗಾಗಿ ವಾಯಿದೆಯ ದಿನ ನಾನೇ ಜೊತೆಗೆ, ಊಟದ ಡಬ್ಬಿ, ಎಕ್ಸರೇ ಕವರು ಹಿಡಿದುಕೊಂಡು. ಎಷ್ಟು ವಾಯಿದೆ ಅಂತ ಲೆಕ್ಕ ಇಲ್ಲ. ಜಡ್ಜ್ ರಜ, ಇನ್ಶೂರೆನ್ಸ್ ಲಾಯರಿಗೆ ಜ್ವರ, ಒಂದು ಸಲ ಕಡತವೇ ಸಿಗಲಿಲ್ಲ. ಕೊನೆಗೆ ಡಾಕ್ಟರ ಸಾಕ್ಷಿ ಬಂತು. ಆವತ್ತು ಕರೆಂಟಿಲ್ಲ. ನಮ್ಮ ಲಾಯರು ಎಕ್ಸರೇ ಹಾಳೆಯನ್ನು ಕಿಟಕಿಗೆ ಹಿಡಿದರು. ಮಾವನ ಕಾಲಿನ ಮೂಳೆ, ಅದರೊಳಗಿನ ರಾಡು, ಹಿಂದುಗಡೆ ಕೋರ್ಟಿನ ಹೊಂಗೆ ಮರ, ಎಲ್ಲ ಒಟ್ಟಿಗೇ ಕಾಣಿಸಿತು. ಡಾಕ್ಟರು ಹೇಳಿದರು, ಕಾಲಿನ ಊನ ಶೇಕಡ 30, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಅದರ ಮೂರನೇ ಒಂದು ಭಾಗ, ಶೇಕಡ 10. ಇನ್ಶೂರೆನ್ಸಿನವರು ಅಷ್ಟಕ್ಕೇ ಖುಷಿಯಾಗಿ ಪೆನ್ನು ಮುಚ್ಚಿದರು. ನಮ್ಮವರು ಎದ್ದು, ಕೋಟು ಸರಿ ಮಾಡಿಕೊಂಡು, ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ನಿಮ್ಮ ಪ್ಯಾಂಟು ಎಲ್ಲಿ ಹೊಲಿಸಿದ್ದು?"

ಎಲ್ಲರೂ ನಕ್ಕರು. ಡಾಕ್ಟರು ಸ್ವಲ್ಪ ಕೋಪದಿಂದಲೇ "ಟೈಲರ್ ಹತ್ರ" ಅಂದರು.

"ಅವನು ಮಿಷನ್ನು ಕೈಯಲ್ಲಿ ತುಳೀತಾನಾ, ಕಾಲಲ್ಲಿ ತುಳೀತಾನಾ?"

ಅಷ್ಟೇ. ಮತ್ತೇನೂ ಕೇಳಲಿಲ್ಲ, ಕೂತರು. ಜಡ್ಜ್ ಮಾವನ ಕಾಲು ನೋಡಿದರು, ಎಕ್ಸರೇ ನೋಡಿದರು, ಏನೋ ಬರೆದುಕೊಂಡರು. ನನಗೆ ಆಗ ಹದಿನಾಲ್ಕು ವರ್ಷ. ಆ ಬೆಂಚಿನ ಮೇಲೆ ಅವತ್ತು ನನಗೆ ತಿಳಿದದ್ದು ಇಷ್ಟು, ಡಾಕ್ಟರು ಹೇಳುವುದು ಮೂಳೆಯ ಲೆಕ್ಕ, ಲಾಯರು ಹೇಳಬೇಕಾದ್ದು ಕಸುಬಿನ ಲೆಕ್ಕ. ಅದೇ ಮೂಳೆ ಮುರಿದರೆ ಕ್ಲಾರ್ಕಿಗೆ ಒಂದು ನಷ್ಟ, ಟೈಲರಿಗೆ ಇನ್ನೊಂದು. ಉಳಿದದ್ದು ಗುಣಾಕಾರ: ವರ್ಷದ ಸಂಪಾದನೆ, ಅದರಲ್ಲಿ ಹೋದ ಪಾಲು, ವಯಸ್ಸಿಗೆ ತಕ್ಕ ಗುಣಕ. ಈಗ ಭಾರತದ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಿಂದ ಗುಣಕದ ಪಟ್ಟಿ ಗಟ್ಟಿಯಾಗಿದೆ, 15ರಿಂದ 25ರ ವಯಸ್ಸಿಗೆ 18, ಇಳಿಯುತ್ತಾ ಇಳಿಯುತ್ತಾ 65 ದಾಟಿದವರಿಗೆ 5. ಆಗ ಜಡ್ಜ್ ನೋಡಿದ ಹಾಗೆ.

ಆ ಕೇಸು ಮುಗಿಯುವ ಮುಂಚೆ, 1989ರ ಫೆಬ್ರವರಿಯಲ್ಲಿ, ಭೋಪಾಲಿನ ರಾಜಿ ಸುದ್ದಿ ಪೇಪರಿನಲ್ಲಿ ಬಂತು. 1984ರ ಡಿಸೆಂಬರ್‌ನಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯಲ್ಲಿ ಗ್ಯಾಸು ಸೋರಿದ ಕೆಲವೇ ದಿನದಲ್ಲಿ ಅಮೆರಿಕದ ಲಾಯರುಗಳು ವಿಮಾನ ಹತ್ತಿ ಭೋಪಾಲಿಗೆ ಇಳಿದರಲ್ಲ, ಅವರಲ್ಲಿ ಇದೇ ಬೆಲ್ಲೈ ಕೂಡ ಇದ್ದ, ಎಪ್ಪತ್ತೇಳು ವರ್ಷದ ಮುದುಕ. ಅವನೂ ಜೊತೆಯವರೂ ಸೇರಿ ಹಾಕಿದ ದಾವೆ 15 ಬಿಲಿಯನ್ ಡಾಲರಿನದ್ದು. ಅಮೆರಿಕದ ಪೇಪರುಗಳೇ ಆ ಲಾಯರುಗಳನ್ನು ನಮ್ಮಜ್ಜಿಯ ಹಾಗೆ ಹದ್ದು ಅಂದವು. 1985ರಲ್ಲಿ ನಮ್ಮ ಸರ್ಕಾರ ಕಾನೂನು ಮಾಡಿ, ಪೆಟ್ಟು ತಿಂದವರೆಲ್ಲರ ಪರವಾಗಿ ನಾನೊಬ್ಬನೇ ಅಂತ ನಿಂತುಕೊಂಡಿತು. ನ್ಯೂಯಾರ್ಕಿನ ಜಡ್ಜ್ ಕೀನನ್ ಮುಂದೆ ನಮ್ಮ ಸರ್ಕಾರವೇ ಹೋಗಿ, ಭಾರತದ ಕೋರ್ಟುಗಳಿಗೆ ಇಂಥ ಕೇಸು ನಡೆಸಲು ಆಗುವುದಿಲ್ಲ ಅಂತ ವಾದಿಸಿತು. ಕಂಪನಿಯ ಪರವಾಗಿ ನಮ್ಮ ದೇಶದ ಹೆಸರಾಂತ ವಕೀಲ ನಾನಿ ಪಾಲ್ಖಿವಾಲಾ, ಖಂಡಿತ ಆಗುತ್ತದೆ ಅಂತ ಅಫಿಡವಿಟ್ ಕೊಟ್ಟರು. ಯಾರು ಯಾವ ಕಡೆ ನಿಂತು ಏನು ಹೇಳಿದರು ನೋಡಿ. ಕೀನನ್ 1986ರ ಮೇ ತಿಂಗಳಲ್ಲಿ ಕೇಸನ್ನು ಭಾರತಕ್ಕೆ ಕಳಿಸಿದರು. ಕೊನೆಗೆ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ 470 ಮಿಲಿಯನ್ ಡಾಲರಿಗೆ ಮುಗಿಯಿತು. ಆ ಐವರ ಪೀಠದಲ್ಲಿ ಇಬ್ಬರು ನಮ್ಮವರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. ವೆಂಕಟರಾಮಯ್ಯನವರು ಪಾಂಡವಪುರ ತಾಲ್ಲೂಕಿನವರು, ನಮ್ಮ ಮಂಡ್ಯ ಜಿಲ್ಲೆಯೇ. ಊರಲ್ಲಿ ಅವರ ಬಗ್ಗೆ ಎಷ್ಟು ಹೆಮ್ಮೆ ಇತ್ತೋ ಆ ರಾಜಿಯ ಬಗ್ಗೆ ಅಷ್ಟೇ ಬೇಜಾರಿತ್ತು. ನಮ್ಮ ಲಾಯರು ಆವತ್ತು ಪೇಪರು ಓದಿ, ವಕಾಲತ್ತಿನ ಹಿಂದುಗಡೆ ಒಂದು ಭಾಗಾಕಾರ ಮಾಡಿ, ಏನೂ ಹೇಳದೆ ಮಡಚಿ ಜೇಬಿಗಿಟ್ಟುಕೊಂಡರು. ಆ ದುಡ್ಡನ್ನು 5 ಲಕ್ಷಕ್ಕೂ ಹೆಚ್ಚು ಜನಕ್ಕೆ ಹಂಚಿದ್ದು ಅಂತ ಆಮೇಲೆ ಓದಿದಾಗ, ಆ ಮಡಚಿದ ಕಾಗದ ನೆನಪಾಯಿತು.

ಮಾವನಿಗೆ ಲಕ್ಷದ ಹತ್ತಿರ ಬಂತು. ಲಾಯರಿಗೆ ಎಷ್ಟು ಕೊಟ್ಟರು ಅಂತ ಕೇಳಿದರೆ "ಕೊಟ್ಟೆ ಬಿಡು" ಅನ್ನುತ್ತಿದ್ದರು. ಭಾರತದಲ್ಲಿ ಗೆದ್ದ ದುಡ್ಡಿನಲ್ಲಿ ಪಾಲು ತಗೊಳ್ಳುವುದಕ್ಕೆ ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ, ಅದಕ್ಕೇ ಆ "ಬಿಡು". ಮಾವ ಮೊದಲು ಕೊಂಡದ್ದು ಮಿಷನ್ನಿಗೆ ಒಂದು ಕರೆಂಟ್ ಮೋಟಾರು. ಎರಡನೆಯದು ಕರಿ ಬಟ್ಟೆ. ಅದರಲ್ಲಿ ಲಾಯರಿಗೆ ಹೊಸ ಕೋಟು ಹೊಲಿದರು, ಮೋಟಾರಿನ ಮಿಷನ್ನಿನಲ್ಲೇ. "ಜಡ್ಜಿಗೆ ಹೇಳಬೇಡಿ ಸ್ವಾಮಿ, ಈಗ ತುಳಿಯೋದೇ ಬೇಕಿಲ್ಲ" ಅಂದರಂತೆ. ಲಾಯರು ಹೊಲಿಗೆ ಕೂಲಿ ಕೊಟ್ಟೇ ಹೋದರು. ಅಜ್ಜಿ ಕೊನೆಯವರೆಗೂ ಅವರನ್ನು ಹದ್ದು ಅಂತಲೇ ಕರೆದಳು. ಹಬ್ಬಕ್ಕೆ ಒಬ್ಬಟ್ಟು ಮಾತ್ರ ಕಳಿಸುತ್ತಿದ್ದಳು.

ಸರಿ, ಹೆಣ್ಣುಮಗಳಿಗೂ ಅವರಪ್ಪನಿಗೂ ಎರಡು ಮಾತು. ಇಲ್ಲಿ ಪೆಟ್ಟಿನ ಲಾಯರು ಆಗಲು ನಾಲ್ಕು ವರ್ಷದ ಯಾವುದಾದರೂ ಡಿಗ್ರಿ (ಗಣಿತವೂ ಆಗುತ್ತದೆ ಸ್ವಾಮಿ), ಆಮೇಲೆ ಮೂರು ವರ್ಷ ಲಾ ಸ್ಕೂಲು, ಆಮೇಲೆ ಎರಡು ದಿನದ ಬಾರ್ ಪರೀಕ್ಷೆ. ಬೋರ್ಡು ಹಾಕುವುದೂ ಅವಮಾನವಲ್ಲ, 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಲಾಯರು ಜಾಹೀರಾತು ಕೊಡಬಹುದು ಅಂತ ಹೇಳಿದ ಮೇಲೆ ಶುರುವಾದದ್ದು. ಆದರೆ ಆಸ್ಪತ್ರೆಯ ಮಂಚದ ಹತ್ತಿರ ಕೇಸು ಹಿಡಿಯಲು ಆಳು ಕಳಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಬೋರ್ಡಿನ ಹಿಂದಿನ ಕೆಲಸ ನೀರಸ: ಪೊಲೀಸ್ ರಿಪೋರ್ಟು, ಆಸ್ಪತ್ರೆ ಬಿಲ್ಲು, ಇನ್ಶೂರೆನ್ಸಿನವರ ಜೊತೆ ಫೋನಿನಲ್ಲಿ ಜಗಳ. ಹೆಚ್ಚಿನ ಕೇಸು ಕೋರ್ಟಿನ ಮೆಟ್ಟಿಲೇ ಹತ್ತದೆ ರಾಜಿಯಾಗುತ್ತವೆ. ಫೀಸು ಸಾಮಾನ್ಯವಾಗಿ ಬಂದದ್ದರಲ್ಲಿ ಮೂರನೇ ಒಂದು ಭಾಗ, ಬರೆದುಕೊಟ್ಟ ಕರಾರಿನ ಮೇಲೆ. ಸೋತರೆ ಅವರ ಫೀಸಿಲ್ಲ. ಬೆಲ್ಲೈಯಂಥವನೇ 1995ರಲ್ಲಿ ದಿವಾಳಿ ಅರ್ಜಿ ಹಾಕಿದ, ಮಾರನೇ ವರ್ಷ ತೀರಿಕೊಂಡ.

ಉಳಿದವರಿಗೆ, ಅಜ್ಜಿಯ ವಿಷಯದಲ್ಲಿ ನಾನು ಕಲಿತದ್ದು. "ಪರವಾಗಿಲ್ಲ" ಅನ್ನಬೇಡಿ. ಫೋಟೋ ತೆಗೆಯಿರಿ, ಲೈಸೆನ್ಸು ಇನ್ಶೂರೆನ್ಸು ಬರೆದುಕೊಳ್ಳಿ, ಆವತ್ತೇ ಡಾಕ್ಟರಿಗೆ ತೋರಿಸಿ. ಪ್ರವಾಸಕ್ಕೆ ಬಂದವರಿಗೂ ಪರಿಹಾರ ಕೇಳುವ ಹಕ್ಕಿದೆ, ಇಂಥ ಕೇಸಿನಲ್ಲಿ ವೀಸಾ ಸ್ಥಿತಿಯನ್ನು ಸಾಕ್ಷಿಯಾಗಿ ಎಳೆದು ತರುವಂತಿಲ್ಲ. ದಾವೆ ಹಾಕಲು ಸಾಮಾನ್ಯವಾಗಿ 2 ವರ್ಷ ಅವಕಾಶ. ಗುದ್ದಿದ್ದು ಸಿಟಿ ಬಸ್ಸೋ ಸರ್ಕಾರಿ ಗಾಡಿಯೋ ಆದರೆ 6 ತಿಂಗಳೊಳಗೇ ಕ್ಲೈಮ್ ಸಲ್ಲಿಸಬೇಕು. ಇದು ಲಾಯರ ಸಲಹೆಯಲ್ಲ, ಡೇಟಾಬೇಸ್ ನೋಡಿಕೊಳ್ಳುವವಳ ಸಲಹೆ.

ಅಯ್ಯೋ, ಜಾಗ ಮುಗಿಯಿತು, ಪ್ರಕಟಣೆಗಳು ಬಾಕಿ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಹೋದ ವರ್ಷದ ಶಾಲೆಯ ಸಭಾಂಗಣದಲ್ಲೇ, ಮಧ್ಯಾಹ್ನ 2ಕ್ಕೆ, ಅಂದರೆ 2ಕ್ಕೆ. ಮಕ್ಕಳ ನಾಟಕದ ರಿಹರ್ಸಲ್ ಪ್ರತಿ ಶುಕ್ರವಾರ ಸಂಜೆ, ಹುಲಿ ಪಾತ್ರಕ್ಕೆ ಇನ್ನೂ ಹುಡುಗ ಸಿಕ್ಕಿಲ್ಲ. ಚಳಿ ಕೋಟು ಸಂಗ್ರಹದ ಪೆಟ್ಟಿಗೆ ಬಾಗಿಲಲ್ಲೇ ಇರುತ್ತದೆ, ಒಗೆದು ತನ್ನಿ. ಇಪ್ಪತ್ತೆರಡು ವರ್ಷ ನಮ್ಮ ಕೂಟದ ಬಿಸಿಬೇಳೆಬಾತ್ ಹೊತ್ತ ದಂಪತಿ ಡಿಸೆಂಬರ್‌ನಲ್ಲಿ ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಬೀಳ್ಕೊಡುಗೆ ರಾಜ್ಯೋತ್ಸವದ ದಿನವೇ. ಅವರ ದೊಡ್ಡ ಪಾತ್ರೆಗಳನ್ನು ಇಟ್ಟುಕೊಳ್ಳಲು ಯಾರ ಗ್ಯಾರೇಜಿನಲ್ಲಾದರೂ ಜಾಗ ಇದೆಯಾ?

ಸಂಪಾದಕರೂ ಬೇಕಾಗಿದ್ದಾರೆ. ಆರು ವರ್ಷ ಆಯಿತು, ನನ್ನ ಮಣಿಕಟ್ಟೂ ನೋಯುತ್ತದೆ, ಯಾರ ಮೇಲೂ ಕೇಸು ಹಾಕುವ ಹಾಗಿಲ್ಲ. ಕನ್ನಡ ಟೈಪಿಂಗ್ ಬಂದರೆ ಸಾಕು, ಬರದಿದ್ದರೂ ಕಲಿಸುತ್ತೇನೆ. ನಿಮಗೆ ಗೊತ್ತಿರುವ ಪೆಟ್ಟಿನ ಲಾಯರು ಯಾರಾದರೂ ಇದ್ದರೆ, ಒಂದು ಸಂಜೆ ಬಂದು ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾರಾ ಅಂತ ಕೇಳಿ ನೋಡಿ. ಕಾಫಿ, ಕೋಡುಬಳೆ ನಮ್ಮದು. ಮುಂದಿನ ಬೆಂಚಿನಲ್ಲಿ ಒಂಬತ್ತು ವರ್ಷದ ಒಬ್ಬಳಿಗೆ ಜಾಗ ಕಾದಿರಿಸಿದ್ದೇನೆ.

ಕೊನೆಯದಾಗಿ, ಸಭಾಂಗಣದವರು ಈ ಸಲ 10 ಲಕ್ಷ ಡಾಲರಿನ ಲಯಬಿಲಿಟಿ ಇನ್ಶೂರೆನ್ಸ್ ಕಾಗದ ತೋರಿಸಿ ಅಂದಿದ್ದಾರೆ, ಗಣೇಶನ ಹಬ್ಬದಲ್ಲಿ ಅಡುಗೆಮನೆ ಹತ್ತಿರ ಖಜಾಂಚಿ ಜಾರಿ ಬಿದ್ದದ್ದು ಅವರಿಗೆ ಗೊತ್ತಾಗಿದೆ. ಪ್ರೀಮಿಯಂ ಕಟ್ಟಿದ್ದಾಯಿತು. ಆದರೂ ಬೋಂಡಾ ಕರಿಯುವವರು ದಯವಿಟ್ಟು ಎಣ್ಣೆ ಚೆಲ್ಲಿದ ತಕ್ಷಣ ಒರೆಸಿ, ಬಟ್ಟೆ ಸಿಂಕಿನ ಕೆಳಗಿದೆ.